ಪಟ್ಟಿಯಲ್ಲಿ ಇಲ್ಲದ ಕಾಲಂ

ಹಳೆಯದನ್ನು ನೆನೆದು ಹಂಬಲಿಸುವ ಬರಹಗಳನ್ನು ಓದುವಾಗ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈ ಹಂಬಲದೊಳಗೆ ಯಾರಿದ್ದಾರೆ, ಯಾರಿಲ್ಲ? ಅಗ್ರಹಾರದ ನೆನಪುಗಳಿಗೆ, ತೊಟ್ಟಿಮನೆಯ ನೆನಪುಗಳಿಗೆ ದಲಿತ ವಿಮರ್ಶೆ ಈ ಪ್ರಶ್ನೆಯನ್ನು ಕೇಳುತ್ತಲೇ ಬಂದಿದೆ. ಇಲ್ಲಿ ನಾನದನ್ನು ದೂರದ ಒಂದು ನೆನಪಿಗೆ ಕೇಳಬೇಕೆಂದಿದ್ದೇನೆ. ದೂರದ್ದು ಯಾಕೆ ಅಂದರೆ, ಈ ನೆನಪು ಮೇಲ್ವರ್ಗದವರದ್ದಲ್ಲ, ದುಡಿಯುವ ಜನರದ್ದು. ಹಾಗಾಗಿ ಪ್ರಶ್ನೆ ಇನ್ನಷ್ಟು ಕಷ್ಟದ್ದಾಗುತ್ತದೆ.

ಇಂಗ್ಲೆಂಡಿನ ಉತ್ತರ ಭಾಗದ ಕಾರ್ಖಾನೆ ಊರುಗಳಲ್ಲಿ 1970ರ ದಶಕದಲ್ಲಿ ಹರೆಯ ಕಳೆದವರು ಈಗ ಅರವತ್ತು ದಾಟಿದವರು. ವಾರವಿಡೀ ಮಿಲ್ಲಿನಲ್ಲೋ ಗಣಿಯಲ್ಲೋ ದುಡಿದು, ಶನಿವಾರ ರಾತ್ರಿ ಬೆಳಗಾಗುವವರೆಗೆ ಕುಣಿಯುತ್ತಿದ್ದವರು. ಮ್ಯಾಂಚೆಸ್ಟರಿನ ಟ್ವಿಸ್ಟೆಡ್ ವೀಲ್, 1973ರಿಂದ 1981ರವರೆಗೆ ನಡೆದ ವಿಗನ್ ಕ್ಯಾಸಿನೊ ಅವರ ತಾಣಗಳು. ಬಿಳಿಯರೇ ಹೆಚ್ಚಾಗಿದ್ದ ಆ ಹುಡುಗ ಹುಡುಗಿಯರು ಕುಣಿದದ್ದು ಅಮೆರಿಕದ ಕಪ್ಪು ಜನರು 1960ರ ದಶಕದಲ್ಲಿ ಹಾಡಿದ ಸೋಲ್ ಸಂಗೀತಕ್ಕೆ. ಲಂಡನ್ನಿನಲ್ಲಿ ರೆಕಾರ್ಡ್ ಅಂಗಡಿ ನಡೆಸುತ್ತಿದ್ದ ಡೇವ್ ಗೋಡಿನ್ 1970ರಲ್ಲಿ ಪತ್ರಿಕೆಯೊಂದರಲ್ಲಿ ಇದನ್ನು 'ನಾರ್ದರ್ನ್ ಸೋಲ್' ಅಂತ ಕರೆದರು. ಹೆಸರು ನಿಂತಿತು.

ಈ ಪ್ಲೇಟುಗಳು ಊರಿನ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ವ್ಯಾಪಾರಿಗಳು ಅಮೆರಿಕಕ್ಕೆ ಹೋಗಿ, ಗೋದಾಮುಗಳಲ್ಲಿ ಧೂಳು ತಿನ್ನುತ್ತಿದ್ದ 45 ಆರ್‌ಪಿಎಂ ಪ್ಲೇಟುಗಳನ್ನು ರಾಶಿಗಟ್ಟಲೆ ಕೊಂಡು ತಂದು, ಟೈಪು ಮಾಡಿದ ಪಟ್ಟಿಯನ್ನು ಗಿರಾಕಿಗಳಿಗೆ ಟಪಾಲಿನಲ್ಲಿ ಕಳಿಸುತ್ತಿದ್ದರು. ಕಿಂಗ್ಸ್ ಲಿನ್ ಎಂಬ ಊರಿನ ಸೋಲ್ ಬೌಲ್ ಇವುಗಳಲ್ಲಿ ಹೆಸರಾದದ್ದು. ಗಾಯಕ, ಹಾಡು, ಕಂಪನಿ, ಪ್ಲೇಟಿನ ಸ್ಥಿತಿ, ಬೆಲೆ: ಒಂದು ಸಾಲಿಗೆ ಒಂದು ಪ್ಲೇಟು. ಮೊದಲು ಕೇಳಿದವರಿಗೆ ಮೊದಲು. ಪಟ್ಟಿ ಕೈಗೆ ಬಂದ ತಕ್ಷಣ ಫೋನ್ ಬೂತಿಗೆ ಓಡುವುದು, 'ಅದು ಹೋಯ್ತಲ್ಲಪ್ಪ' ಅಂತ ಆ ಕಡೆಯಿಂದ ಕೇಳುವುದು, ಕೇಳದೆಯೇ ಬರೀ ಹೆಸರು ನಂಬಿ ದುಡ್ಡು ಕಳಿಸಿ ಕಾಯುವುದು. ಆ ಕಾಯುವಿಕೆಗಾಗಿಯೇ ಈಗ ಹಂಬಲ. ಬೆರಳು ಒತ್ತಿದರೆ ಹಾಡು ಸಿಗುವ ಈ ದಿನಗಳಲ್ಲಿ ಆ ರುಚಿ ಹೋಯಿತು ಎಂಬುದು ಅವರ ದುಃಖ.

ಈ ದುಃಖವನ್ನು ನಾನು ಹಗುರವಾಗಿ ನೋಡುವುದಿಲ್ಲ. ಅಭಿರುಚಿ ಎನ್ನುವುದು ಓದಿದವರ, ಉಳ್ಳವರ ಸೊತ್ತು ಎಂಬ ಮಾತನ್ನು ಈ ಕಾರ್ಮಿಕರ ಮಕ್ಕಳು ಸುಳ್ಳು ಮಾಡಿದರು. ಲಂಡನ್ನಿನ ಪತ್ರಿಕೆಗಳು ಯಾವುದು ಹೊಸದು ಅಂತ ಹೇಳುತ್ತಿದ್ದವೋ ಅದನ್ನು ಬಿಟ್ಟು, ಮಾರುಕಟ್ಟೆ ಎಸೆದದ್ದನ್ನು ಎತ್ತಿಕೊಂಡು ಇದು ಚೆನ್ನಾಗಿದೆ ಅಂದರು. ಯಜಮಾನರ ಅಪ್ಪಣೆ ಕೇಳದೆ ತಮ್ಮದೇ ಮಾನದಂಡ ಕಟ್ಟಿಕೊಂಡರು. ಇದು ಸಣ್ಣ ಸಂಗತಿಯಲ್ಲ.

ಆದರೆ ಟಪಾಲಿನಲ್ಲಿ ಹಾಡು ತರಿಸುವುದು ಇವರು ಕಂಡುಹಿಡಿದದ್ದೇನಲ್ಲ. 1920ರ ದಶಕದಲ್ಲೇ ವಿಸ್ಕಾನ್ಸಿನ್ನಿನ ಒಂದು ಕುರ್ಚಿ ಕಂಪನಿಗೆ ಸೇರಿದ್ದ ಪ್ಯಾರಾಮೌಂಟ್ ರೆಕಾರ್ಡ್ಸ್, ಕಪ್ಪು ಜನರ ಪತ್ರಿಕೆಯಾದ 'ಶಿಕಾಗೊ ಡಿಫೆಂಡರ್'ನಲ್ಲಿ ಜಾಹೀರಾತು ಕೊಟ್ಟು ಟಪಾಲಿನ ಮೂಲಕ ಪ್ಲೇಟು ಮಾರುತ್ತಿತ್ತು. ಎರಡನೆಯ ಮಹಾಯುದ್ಧದ ನಂತರ ಟೆನೆಸೀ ರಾಜ್ಯದ ಗ್ಯಾಲಟಿನ್ ಎಂಬ ಪುಟ್ಟ ಊರಿನ ರ‍್ಯಾಂಡೀಸ್ ರೆಕಾರ್ಡ್ ಶಾಪ್, ನ್ಯಾಶ್‌ವಿಲ್ಲಿನ ಡಬ್ಲ್ಯೂಎಲ್‌ಎಸಿ ರೇಡಿಯೋದಲ್ಲಿ ರಾತ್ರಿ ಹೊತ್ತು ಹಾಡು ಹಾಕಿಸಿ, ಐದಾರು ಪ್ಲೇಟುಗಳ ಕಟ್ಟನ್ನು ದಕ್ಷಿಣದ ಹಳ್ಳಿ ಹಳ್ಳಿಗೆ ಕಳಿಸುತ್ತಿತ್ತು. ಬಿಳಿಯರ ಅಂಗಡಿಯಲ್ಲಿ ಎಲ್ಲರ ವ್ಯಾಪಾರ ಮುಗಿದ ಮೇಲೆ ನಿಲ್ಲಬೇಕಾಗಿದ್ದ ಕಪ್ಪು ಗೇಣಿದಾರನಿಗೆ ಟಪಾಲು ಅಂದರೆ ಒಂದು ಸಣ್ಣ ಬಿಡುಗಡೆ. ಅಂಚೆಯವನು ಕೊಟ್ಟ ಪೊಟ್ಟಣ ಯಾರನ್ನೂ 'ಹಿಂದೆ ನಿಲ್ಲು' ಅನ್ನುವುದಿಲ್ಲ. ಇದರಲ್ಲೂ ಲಾಭ ಹೋದದ್ದು ಬಿಳಿಯ ಮಾಲೀಕರಿಗೇ, ನಿಜ. ಆದರೂ ಆ ಕೊಳ್ಳುವವನು ತನ್ನವರ ದನಿಯನ್ನೇ ಮನೆಗೆ ಕರೆಸಿಕೊಳ್ಳುತ್ತಿದ್ದ. ಅವನ ಕಾಯುವಿಕೆಗೂ ವಿಗನ್ನಿನ ಹುಡುಗನ ಕಾಯುವಿಕೆಗೂ ಪೊಟ್ಟಣ ಒಂದೇ ಥರದ್ದು, ಹಸಿವು ಬೇರೆ.

ಈಗ ಪಟ್ಟಿಗೆ ವಾಪಸು ಬರೋಣ. ಅದರಲ್ಲಿ ಎಲ್ಲಕ್ಕೂ ಕಾಲಂ ಇದೆ. ಲೇಬಲ್ ಮೇಲೆ ಯಾರೋ ಪೆನ್ನಿನಲ್ಲಿ ಗೀಚಿದ್ದರೆ ಅದನ್ನೂ ನಮೂದಿಸುತ್ತಾರೆ. ಇಲ್ಲದ ಕಾಲಂ ಒಂದೇ: ಈ ಪ್ಲೇಟು ಗೋದಾಮಿಗೆ ಬಂದು ಬಿದ್ದದ್ದು ಯಾಕೆ? ಡೆಟ್ರಾಯಿಟ್, ಶಿಕಾಗೊಗಳ ಸಣ್ಣಪುಟ್ಟ ಕಂಪನಿಗಳಿಗೆ ರೇಡಿಯೋದಲ್ಲಿ ಹಾಡು ಹಾಕಿಸುವ ಬಲವಿರಲಿಲ್ಲ, ಮಾರಿದ ಪ್ಲೇಟಿನ ದುಡ್ಡು ವಿತರಕರಿಂದ ವಸೂಲಾಗುತ್ತಿರಲಿಲ್ಲ. 1967ರ ಜುಲೈನಲ್ಲಿ ಡೆಟ್ರಾಯಿಟ್ ಹೊತ್ತಿ ಉರಿದು 43 ಜನ ಸತ್ತರು. ಅಂಥ ಕಾಲದಲ್ಲಿ ಒಬ್ಬ ಹುಡುಗಿ ಒಂದೇ ಒಂದು ಪ್ಲೇಟು ಹಾಡಿ, ಅದು ಮಾರಾಟವಾಗದೆ ಮತ್ತೆ ಕೆಲಸಕ್ಕೆ ಹೋದರೆ ಅದು ಅವಳ ಬದುಕಿನ ಪೆಟ್ಟು. ಪಟ್ಟಿಯಲ್ಲಿ ಅದಕ್ಕೆ ಬೇರೆ ಹೆಸರು: 'ಅಪರೂಪ'. ಕನ್ನಡದ ಕಿವಿಗೆ 'ಸೋಲ್' ಅನ್ನೋದು 'ಸೋಲು' ಅಂತಲೂ ಕೇಳುತ್ತೆ. ಈ ಪಟ್ಟಿಗಳ ಮಟ್ಟಿಗೆ ಅದು ತಪ್ಪಲ್ಲ. ಲಕ್ಷಗಟ್ಟಲೆ ಮಾರಿದ್ದರೆ ಸಂಗ್ರಾಹಕ ಆ ಪ್ಲೇಟನ್ನು ಕಣ್ಣೆತ್ತಿ ನೋಡುತ್ತಿರಲಿಲ್ಲ. ಅಂದರೆ ಅವನ ಪ್ರೀತಿಗೆ ಅವಳ ಸೋಲು ಬೇಕೇ ಬೇಕು. ನನ್ನ ತಕರಾರು ಇರುವುದು ಇಲ್ಲಿ.

ಫ್ರಾಂಕ್ ವಿಲ್ಸನ್ ಅವರ 'ಡು ಐ ಲವ್ ಯೂ' ಪ್ಲೇಟನ್ನೇ ತೆಗೆದುಕೊಳ್ಳಿ. ಮೋಟೌನ್ ಕಂಪನಿ 1965ರಲ್ಲಿ ಅಚ್ಚು ಹಾಕಿಸಿ, ಬಿಡುಗಡೆ ಮಾಡದೆ ನಿಲ್ಲಿಸಿತು. ಉಳಿದದ್ದು ಬೆರಳೆಣಿಕೆಯ ಪ್ರತಿಗಳು. ಮೋಟೌನ್ ಆಗ ಕಪ್ಪು ಮಾಲೀಕರದೇ ಕಂಪನಿಯಾಗಿತ್ತು ಎಂಬುದನ್ನೂ ಹೇಳಬೇಕು. ವಿಲ್ಸನ್ ಆಮೇಲೆ ಅಲ್ಲಿಯೇ ದೊಡ್ಡ ನಿರ್ಮಾಪಕರಾದರು. ವಿಗನ್ನಿನಲ್ಲಿ ಆ ಹಾಡು ಮೊಳಗಿದಾಗ ಲೇಬಲ್ ಮುಚ್ಚಿ 'ಎಡ್ಡಿ ಫೋಸ್ಟರ್' ಅಂತ ಬೇರೆ ಹೆಸರು ಹೇಳಲಾಗುತ್ತಿತ್ತು. ಉಳಿದ ಡಿಜೆಗಳಿಗೆ ಪ್ಲೇಟು ಯಾವುದೆಂದು ಗೊತ್ತಾಗಬಾರದು ಅಂತ ಈ ಉಪಾಯ. ಇದನ್ನು ಒಂದು ಪದ್ಧತಿಯಾಗಿಯೇ ನಡೆಸುತ್ತಿದ್ದರು. ಯೋಚಿಸಿ: ಹಾಡು ಬೇಕು, ಅದಕ್ಕೆ ಕುಣಿಯಬೇಕು, ಆದರೆ ಹಾಡಿದವನ ಹೆಸರಿನ ಮೇಲೆ ಕಾಗದ ಅಂಟಿಸಬೇಕು! ಆ ಪ್ಲೇಟಿನ ಒಂದು ಪ್ರತಿ 2009ರಲ್ಲಿ 25,742 ಪೌಂಡಿಗೆ, ಇನ್ನೊಂದು ಮಾರಾಟದಲ್ಲಿ 2020ರಲ್ಲಿ ಒಂದು ಲಕ್ಷ ಪೌಂಡಿಗೆ ಹೋಯಿತು. ಹಳೆಯ ಪ್ಲೇಟು ಕೈಯಿಂದ ಕೈಗೆ ಮಾರಾಟವಾದಾಗ ಹಾಡಿದವರಿಗೆ ಒಂದು ಬಿಡಿಗಾಸೂ ಬರುವುದಿಲ್ಲ. ಕದ್ದು ಅಚ್ಚು ಹಾಕಿದ ಪ್ರತಿಗಳ ಕಥೆಯಂತೂ ಕೇಳುವುದೇ ಬೇಡ.

ಎಲ್ಲರೂ ಹೀಗೇ ಇದ್ದರು ಅಂತ ನಾನು ಹೇಳುತ್ತಿಲ್ಲ. ಸ್ಟೋಕ್ ಕಡೆಯ ಗೋಲ್ಡನ್ ಟಾರ್ಚ್ ಕ್ಲಬ್ಬಿಗೆ 1972ರಲ್ಲಿ ಮೇಜರ್ ಲ್ಯಾನ್ಸ್ ಬಂದು ಹಾಡಿದರು, ಅದು ರೆಕಾರ್ಡೂ ಆಯಿತು. ಎಡ್ವಿನ್ ಸ್ಟಾರ್ ಇಂಗ್ಲೆಂಡಿನಲ್ಲೇ ನೆಲೆಸಿ 2003ರಲ್ಲಿ ಅಲ್ಲಿಯೇ ತೀರಿಕೊಂಡರು. ಹಾಡಿದ ಮನುಷ್ಯ ಎದುರು ನಿಂತಾಗ ಪ್ರೀತಿಗೆ ಒಂದು ಹೊಣೆ ಹುಟ್ಟುತ್ತದೆ. ಪಟ್ಟಿಯ ನೆನಪಿನಲ್ಲಿ ಈ ಹೊಣೆ ಕಾಣೆಯಾಗಿ, 'ನನಗೆ ಸಿಕ್ಕಿತು', 'ನನಗೆ ತಪ್ಪಿತು' ಎಂಬ ಎರಡೇ ಮಾತು ಉಳಿಯುತ್ತವೆ.

ಈ ಕುಣಿತದವರ ಲಾಂಛನ ಯಾವುದು ಗೊತ್ತೆ? ಬಿಗಿ ಹಿಡಿದ ಕಪ್ಪು ಮುಷ್ಟಿ. 1968ರ ಮೆಕ್ಸಿಕೊ ಒಲಿಂಪಿಕ್ಸಿನಲ್ಲಿ ಟಾಮಿ ಸ್ಮಿತ್, ಜಾನ್ ಕಾರ್ಲೋಸ್ ಎತ್ತಿದ ಅದೇ ಮುಷ್ಟಿ ಇಲ್ಲಿ ಬಟ್ಟೆಯ ಬ್ಯಾಡ್ಜಾಗಿ ಅಂಗಿಗೆ, ಚೀಲಕ್ಕೆ ಹೊಲಿಸಿಕೊಂಡಿತು. ಸುಮಾರು ಅದೇ ಹೊತ್ತಿಗೆ, 1972ರಲ್ಲಿ, ಬೊಂಬಾಯಿಯ ದಲಿತ ಹುಡುಗರು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಹೆಸರು ತೆಗೆದುಕೊಂಡು ದಲಿತ ಪ್ಯಾಂಥರ್ಸ್ ಕಟ್ಟಿದರು. ಅವರು ತರಿಸಿಕೊಂಡದ್ದು ಸಿಟ್ಟನ್ನು, ವಿಗನ್ನಿನವರು ತರಿಸಿಕೊಂಡದ್ದು ಲಯವನ್ನು. ಸಿಟ್ಟೇ ದೊಡ್ಡದು, ಲಯ ಸಣ್ಣದು ಅಂತ ನಾನು ಅನ್ನಲಾರೆ. ಕುಣಿಯುವುದೂ ನಮ್ಮ ಹಕ್ಕು, ತಮಟೆ ಬಾರಿಸಿದವರ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಲಯವನ್ನು ಸಿಟ್ಟಿನಿಂದ ಬಿಡಿಸಿ ತೆಗೆದು ಪಟ್ಟಿ ಮಾಡಿದಾಗ ಕಲೆ ವಸ್ತುವಾಗುತ್ತದೆ, ಕಲಾವಿದ ಕಾಣೆಯಾಗುತ್ತಾನೆ. ತಮಟೆ ವೇದಿಕೆಗೆ ಬಂದು, ಬಾರಿಸುವವನು ಊರಾಚೆಯೇ ಉಳಿದರೆ ಆಗುವುದೂ ಇದೇ.

1946ರಲ್ಲಿ ಬಾಬಾಸಾಹೇಬ್ ಅಂಬೇಡ್ಕರರು ಕಪ್ಪು ಚಿಂತಕ ಡಬ್ಲ್ಯೂ.ಇ.ಬಿ. ಡು ಬಾಯ್ಸ್ ಅವರಿಗೆ ಕಾಗದ ಬರೆದಿದ್ದರು. ಅಮೆರಿಕದ ಕಪ್ಪು ಜನ ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿಗಳು ಬೇಕು ಅಂತ ಕೇಳಿದ್ದರು. ಅದೂ ಟಪಾಲೇ, ಅದೂ ದೂರದ ಒಂದು ವಸ್ತುವಿಗಾಗಿ ಕಾಯುವುದೇ. ಆದರೆ ಕೇಳಿದವರಿಗೆ ಅದನ್ನು ಬರೆದವರು ಯಾರು, ಯಾಕೆ ಬರೆದರು ಎಂಬುದು ಗೊತ್ತಿತ್ತು. ನಮ್ಮ ವಿಮರ್ಶೆ ಎಲ್ಲಿಂದ ಏನನ್ನೇ ತರಿಸಿಕೊಳ್ಳಲಿ, ಹಾಡನ್ನೋ ಕವಿತೆಯನ್ನೋ ಸಿದ್ಧಾಂತವನ್ನೋ, ಈ ಒಂದು ಕಾಲಂ ಬಿಡದಂತೆ ನೋಡಿಕೊಂಡರೆ ಸಾಕು. ಚೆಂದವನ್ನು ಸವಿಯುವುದಕ್ಕೆ ಇದು ಅಡ್ಡಿ ಅನ್ನುವವರು ಹಾಡಿದವರ ಮುಂದೆ ನಿಂತು ಹಾಗನ್ನಲಿ.