ನಾಣ್ಯಫಲಕಗಳಲ್ಲಿ ಬಣ್ಣದ ಪ್ರಾಮಾಣ್ಯ

ದಕ್ಷಿಣದ ನಾಣ್ಯಗಳ ಅಧ್ಯಯನಕ್ಕೆ ತಳಹದಿ ಹಾಕಿದವರಲ್ಲಿ ಸರ್ ವಾಲ್ಟರ್ ಎಲಿಯಟ್ಟನು ಮುಖ್ಯನು. ೧೮೨೪ರ ಕಿತ್ತೂರು ಕದನದಲ್ಲಿ ಸೆರೆಸಿಕ್ಕಿ ಬಿಡುಗಡೆ ಹೊಂದಿದ ಈ ಅಧಿಕಾರಿಯ ನಾಣ್ಯಗ್ರಂಥವು ೧೮೮೬ರಲ್ಲಿ ಅಚ್ಚಾಯಿತು. ಆ ಕಾಲದ ಇಂತಹ ಗ್ರಂಥಗಳ ಫಲಕಗಳಲ್ಲಿ ಬಣ್ಣವಿರಲಿಲ್ಲ. ನಾಣ್ಯದ ಪಡಿಯಚ್ಚನ್ನು ಪ್ಲಾಸ್ಟರಿನಲ್ಲಿ ತೆಗೆದು, ಆ ಬಿಳಿಯ ಅಚ್ಚಿನ ಛಾಯಾಚಿತ್ರವನ್ನು ಮುದ್ರಿಸುವುದೇ ಯೂರೋಪಿನ ಸಂಗ್ರಹಾಲಯಗಳ ರೂಢಿಯಾಗಿತ್ತು. ಲೋಹವಾವುದೆಂಬುದನ್ನು ಮಾತಿನಲ್ಲಿ ಹೇಳುತ್ತಿದ್ದರು. ಇದು ಕೊರತೆಯಂತೆ ತೋರಿದರೂ ಆ ಚಿತ್ರಗಳು ತಮ್ಮಲ್ಲಿಲ್ಲದ ಸಾಕ್ಷ್ಯವನ್ನು ನುಡಿಯುತ್ತಿರಲಿಲ್ಲ.

ಈಗ ಚಪ್ಪಟೆ ಗಾಜಿನ ಸ್ಕ್ಯಾನರು ಸುಲಭವಾಗಿ ದೊರೆಯುತ್ತದೆ. ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಯಂತಹ ಹಳ್ಳಿಯ ಹವ್ಯಾಸಿಯೂ ತನ್ನ ಕೈಸೇರಿದ ನಾಣ್ಯದ ಬಿಂಬವನ್ನು ಧಾರವಾಡದ ವಿದ್ವಾಂಸರಿಗೆ ಕಳುಹಬಲ್ಲನು. ನಾಣ್ಯವು ಪೆಟ್ಟಿಗೆಯಿಂದ ಹೊರಡಬೇಕಾಗಿಯೇ ಇಲ್ಲ. ಇದು ದೊಡ್ಡ ಲಾಭವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬಿಂಬದ ಬಣ್ಣವನ್ನು ನೋಡಿ ಇದು ಚಿನ್ನ, ಇದು ಬೆಳ್ಳಿ, ಇದು ಸೀಸವೆಂದು ನಿರ್ಣಯಿಸುವ ಅಭ್ಯಾಸವು ಅದರ ಬೆನ್ನಿಗೇ ಬರುತ್ತದೆ. ಈ ನಿರ್ಣಯಕ್ಕೆ ಆಧಾರವೆಷ್ಟು?

ಸ್ಕ್ಯಾನರು ಕಾಗದಕ್ಕಾಗಿ ಹುಟ್ಟಿದ ಯಂತ್ರ. ಅದರ ದೀಪವು ಓರೆಯಾಗಿ ಬೆಳಕು ಚೆಲ್ಲುತ್ತದೆ. ಬೆಳಕನ್ನು ಗ್ರಹಿಸುವ ಅಂಗವು ನೇರವಾಗಿ ನೋಡುತ್ತದೆ. ಕಾಗದವು ಬಿದ್ದ ಬೆಳಕನ್ನು ಎಲ್ಲ ಕಡೆಗೂ ಚೆದುರಿಸುವುದರಿಂದ ಅದಕ್ಕೆ ತೊಂದರೆಯಿಲ್ಲ. ಲೋಹದ ಸ್ವಭಾವವೇ ಬೇರೆ. ನಯವಾದ ಲೋಹವು ಕನ್ನಡಿಯಂತೆ ಬೆಳಕನ್ನು ಎದುರು ಕೋನಕ್ಕೆ ಎಸೆಯುತ್ತದೆ, ಮತ್ತು ಚಿನ್ನದ ಹಳದಿಯು ಇರುವುದು ಹಾಗೆ ಎಸೆದ ಬೆಳಕಿನಲ್ಲಿಯೇ. ಆ ಬೆಳಕು ಗ್ರಾಹಕವನ್ನು ಸೇರದಿದ್ದರೆ ಹೊಸ ವರಹದ ಮೈ ಕಂದಾಗಿಯೂ ಬೆಳ್ಳಿಯ ಮೈ ಕಪ್ಪಾಗಿಯೂ ಕಾಣುವುದು ಸಹಜ. ದೀಪದ ಕಡೆಗೆ ವಾಲಿದ ಅಂಚುಗಳು ಮಾತ್ರ ಹೊಳೆಯುತ್ತವೆ. ಸವೆದು ಕಿಲುಬು ಹಿಡಿದ ತಾಮ್ರವು ಕಾಗದದಂತೆ ಬೆಳಕನ್ನು ಚೆದುರಿಸುವುದರಿಂದ ತಕ್ಕಮಟ್ಟಿಗೆ ಸರಿಯಾಗಿಯೇ ಮೂಡುತ್ತದೆ. ಅಂದರೆ ನಾಣ್ಯವು ಎಷ್ಟು ಚೆನ್ನಾಗಿ ಉಳಿದಿದೆಯೋ ಅಷ್ಟು ಅದರ ಬಣ್ಣವು ಕೆಡುತ್ತದೆ!

ಇದರ ಮೇಲೆ ಯಂತ್ರದ ತಂತ್ರಾಂಶವು ತಾನೇ ತಿದ್ದುಪಡಿ ಮಾಡುತ್ತದೆ. ಹಾಸಿನಲ್ಲಿರುವ ಅತ್ಯಂತ ಬೆಳಗಾದುದನ್ನು ಬಿಳಿಯೆಂದೂ ಕಪ್ಪಾದುದನ್ನು ಕಪ್ಪೆಂದೂ ಎಣಿಸಿ ಉಳಿದುದನ್ನು ನಡುವೆ ಹಿಗ್ಗಿಸುತ್ತದೆ. ಆದುದರಿಂದ ಪಕ್ಕದಲ್ಲಿ ಒಂದು ಬೆಳ್ಳಿಯ ನಾಣ್ಯವನ್ನಿಟ್ಟರೆ ಚಿನ್ನದ ಬಣ್ಣವು ಬದಲಾಗಬಹುದು. ಬೂದುಬಣ್ಣದ ಸೀಸವು ಒಂಟಿಯಾಗಿದ್ದರೆ ಬೆಳ್ಳಿಯಾಗಿ ಮೆರೆಯಬಹುದು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ೧೯೨೯ರಲ್ಲಿ ಎಂ. ಎಚ್. ಕೃಷ್ಣರೂ ೧೯೪೭ರಲ್ಲಿ ವ್ಹೀಲರನೂ ಉತ್ಖನನ ನಡೆಸಿದುದನ್ನು ವಿದ್ವಾಂಸರು ಬಲ್ಲರು. ಅಲ್ಲಿ ಸಾತವಾಹನರ ಕಾಲದ ಸೀಸದ ನಾಣ್ಯಗಳೂ ರೋಮಿನ ಬೆಳ್ಳಿಯ ದಿನಾರಿಗಳೂ ದೊರೆತಿವೆ. ಒಂದು ನಾಡಿನ ಚಿಲ್ಲರೆ, ಇನ್ನೊಂದು ಸಾಗರದಾಚೆಯ ವ್ಯಾಪಾರದ ಗುರುತು. ಅಚ್ಚು ಸ್ಪಷ್ಟವಾಗಿದ್ದರೆ ಸರಿ. ಸವೆದ ತುಂಡಿನಲ್ಲಿ ಲೋಹವನ್ನು ತಪ್ಪಿದರೆ ಇತಿಹಾಸವೇ ತಪ್ಪುತ್ತದೆ.

ಬಣ್ಣವನ್ನು ನಂಬುವ ಈ ಆಸೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ಎರಡನೆಯ ಅಧಿಕರಣದಲ್ಲಿ ಚಿನ್ನದ ಶುದ್ಧಿಯನ್ನು ‘ವರ್ಣ’ಗಳಿಂದಲೇ ಎಣಿಸುತ್ತದೆ. ಆದರೆ ಆ ವರ್ಣವು ಒರೆಗಲ್ಲಿನ ಮೇಲಿನ ಗೆರೆಯದು. ಶುದ್ಧಿ ತಿಳಿದ ಚಿನ್ನದ ಗೆರೆಯ ಪಕ್ಕದಲ್ಲಿ, ಒಂದೇ ಬೆಳಕಿನಲ್ಲಿ ಇಟ್ಟು ನೋಡಿದುದು. ಅಕ್ಕಸಾಲಿಗನು ಹೋಲಿಕೆಯಿಲ್ಲದೆ ಬಣ್ಣವನ್ನು ನುಡಿಯುತ್ತಿರಲಿಲ್ಲ. ಇಂದಿನ ಫಲಕಗಳಲ್ಲಿ ಕಾಣದಿರುವುದು ಈ ಪಕ್ಕದ ಗೆರೆಯೇ.

ಬಣ್ಣದ ಚೌಕಗಳುಳ್ಳ ಪ್ರಮಾಣಪಟ್ಟಿಯನ್ನು ಸ್ಕ್ಯಾನ್ ಮಾಡಿ ಯಂತ್ರದ ದೋಷವನ್ನು ಲೆಕ್ಕಹಾಕುವ ವಿಧಾನವನ್ನು ತಂತ್ರಜ್ಞರು ಸೂಚಿಸುತ್ತಾರೆ. ಅದು ಅವಶ್ಯಕವೇ, ಸಾಕಾದುದಲ್ಲ. ಪಟ್ಟಿಯೂ ಕಾಗದವೇ ಆದುದರಿಂದ ಕಾಗದದ ಬಣ್ಣವನ್ನಷ್ಟೇ ತಿದ್ದಬಲ್ಲುದು. ಸ್ವಯಂಚಾಲಿತ ತಿದ್ದುಪಡಿಯನ್ನು ನಿಲ್ಲಿಸಿ, ಪ್ರತಿ ಬಿಂಬದಲ್ಲಿಯೂ ಬೂದುಬಣ್ಣದ ಪಟ್ಟಿಯನ್ನೂ ಶುದ್ಧಿ ತಿಳಿದ ಅದೇ ಲೋಹದ ತುಣುಕೊಂದನ್ನೂ ನಾಣ್ಯದ ಪಕ್ಕದಲ್ಲಿ ಇಡತಕ್ಕದ್ದು. ಪಟ್ಟಿಯನ್ನು ಕತ್ತರಿಸಿ ಅಂದವಾಗಿ ಅಚ್ಚುಹಾಕುವ ಚಪಲವನ್ನು ಸಂಪಾದಕರು ತಡೆಯಬೇಕು. ಇಷ್ಟು ಮಾಡಲಾಗದಿದ್ದರೆ ಫಲಕವನ್ನು ಬೂದುಬಣ್ಣದಲ್ಲಿಯೇ ಮುದ್ರಿಸಿ, ತೂಕವನ್ನೂ ಸಾಧ್ಯವಾದರೆ ವಿಶಿಷ್ಟ ಗುರುತ್ವವನ್ನೂ ಬರೆಯುವುದು ಮೇಲು.

ಬಣ್ಣಕ್ಕೆ ಸೇರಿದ ಇನ್ನೊಂದು ತೊಡಕು ಬೆಳಕಿನ ದಿಕ್ಕು. ಕಣ್ಣು ಬೆಳಕು ಮೇಲಿನಿಂದ ಬರುತ್ತದೆಂದೇ ಭಾವಿಸುವುದರಿಂದ, ಬಿಂಬದಲ್ಲಿ ಅದು ಕೆಳಗಿನಿಂದ ಬಿದ್ದಿದ್ದರೆ ಉಬ್ಬು ತಗ್ಗಾಗಿಯೂ ತಗ್ಗು ಉಬ್ಬಾಗಿಯೂ ತೋರುತ್ತದೆ. ನಾಣ್ಯವನ್ನು ಗಾಜಿನ ಮೇಲೆ ನಾಲ್ಕು ಬಾರಿ ತಿರುಗಿಸಿ ಬಿಂಬ ತೆಗೆದರೆ ಇದನ್ನು ಪರೀಕ್ಷಿಸಬಹುದು. ಪದ್ಮಟಂಕಗಳಲ್ಲಿ ಇದು ಅತಿ ಮುಖ್ಯ, ಏಕೆಂದರೆ ಅಲ್ಲಿ ಒಂದೊಂದು ಮುದ್ರೆಯನ್ನೂ ಬೇರೆಬೇರೆಯಾಗಿ ಒತ್ತಿರುತ್ತಾರೆ. ಅಲ್ಲದೆ ಅವು ಬಟ್ಟಲಿನಂತೆ ಬಾಗಿದವು. ಅಗ್ಗದ ಸ್ಕ್ಯಾನರುಗಳು ಗಾಜಿಗೆ ತಾಗಿದುದನ್ನು ಮಾತ್ರ ಸ್ಪಷ್ಟವಾಗಿ ಕಾಣುವುದರಿಂದ ಅಂಚು ಮೂಡಿ ನಡುವಣ ತಾವರೆಯು ಮಸುಕಾಗುತ್ತದೆ. ಇಂತಹ ನಾಣ್ಯಗಳಿಗೆ ಸ್ಕ್ಯಾನರನ್ನು ಬಿಟ್ಟು ಕ್ಯಾಮೆರಾವನ್ನೇ ಬಳಸತಕ್ಕದ್ದು.