ಹೆಬ್ಬೆರಳು ಅಳೆದ ವೇಗ

ಕಾರವಾರ, ಅಂಕೋಲೆಯ ಶಾಲಾ ಮೈದಾನಗಳಲ್ಲಿ ವೇಗ ಎಂದರೆ 50 ಮೀಟರ್ ಓಟ. 2019ರಲ್ಲಿ ಶುರುವಾದ ಫಿಟ್ ಇಂಡಿಯಾ ಕೂಡ 9 ವರ್ಷ ದಾಟಿದ ಮಕ್ಕಳಿಗೆ 600 ಮೀಟರ್ ಓಟದ ಜೊತೆ ಇದನ್ನೇ ಇಟ್ಟಿದೆ. ಮಕ್ಕಳ ಆರೋಗ್ಯದ ಅಂದಾಜಿಗೆ ಅಷ್ಟು ಸಾಕು. ಅಲ್ಲಿ ನನ್ನ ತಕರಾರಿಲ್ಲ. ಆದರೆ ಅದೇ ಅಂಕಿ ಹಿಡಿದು ಫುಟ್‌ಬಾಲ್ ತಂಡಕ್ಕೆ ಹುಡುಗರನ್ನು ಆರಿಸುವ ರೂಢಿಗೆ ಸಿಕ್ಕಿರುವ ಗೌರವ ಅದರ ಯೋಗ್ಯತೆಗಿಂತ ಬಹಳ ದೊಡ್ಡದು.

ಅಳೆಯುವ ಕ್ರಮವನ್ನೇ ನೋಡಿ. ಪಿ.ಟಿ. ಮಾಸ್ತರು ಸ್ಟಾಪ್‌ವಾಚ್ ಹಿಡಿದು ಕೊನೆಯ ಗೆರೆಯಲ್ಲಿ ನಿಲ್ಲುತ್ತಾರೆ, ಆರಂಭದ ಗೆರೆಯಲ್ಲಿ ಇನ್ನೊಬ್ಬರು ಸೀಟಿ ಊದುತ್ತಾರೆ. ಸೀಟಿಯ ಸದ್ದು 50 ಮೀಟರ್ ದಾಟಲು ಸುಮಾರು 0.15 ಸೆಕೆಂಡ್ ಬೇಕು. ಹುಡುಗನಿಗೆ ಕೂಡಲೇ ಕೇಳಿತು, ಮಾಸ್ತರರಿಗೆ ತಡವಾಗಿ. ಕೇಳಿದ ಮೇಲೆ ಹೆಬ್ಬೆರಳು ಗುಂಡಿ ಒತ್ತಲು ಮತ್ತಷ್ಟು ಹೊತ್ತು. ಕೊನೆಯಲ್ಲಿ ಹಾಗಲ್ಲ: ಹುಡುಗ ಓಡಿ ಬರುವುದು ಕಣ್ಣಿಗೆ ಕಾಣುತ್ತಿರುತ್ತದೆ, ಬೆರಳು ಮೊದಲೇ ಸಿದ್ಧವಾಗಿರುತ್ತದೆ. ಗಡಿಯಾರ ತಡವಾಗಿ ಹೊರಟು ಸರಿಯಾದ ಹೊತ್ತಿಗೆ ನಿಲ್ಲುತ್ತದೆ. ಹುಡುಗ ಇರುವುದಕ್ಕಿಂತ ಚುರುಕಾಗಿ ಕಾಣುತ್ತಾನೆ. ಅಥ್ಲೆಟಿಕ್ಸ್‌ನವರಿಗೆ ಇದು ಹಳೆಯ ವಿಷಯ. ಕೈಯಲ್ಲಿ ಅಳೆದ 100 ಮೀಟರ್ ಸಮಯಕ್ಕೆ 0.24 ಸೆಕೆಂಡ್ ಸೇರಿಸಿಯೇ ವಿದ್ಯುನ್ಮಾನ ಸಮಯದೊಡನೆ ಹೋಲಿಸುತ್ತಾರೆ. ಎಲ್ಲರಿಗೂ ಒಂದೇ ತಪ್ಪಾದರೆ ಆಯ್ಕೆಗೆ ಬಾಧೆಯಿಲ್ಲ ಎನ್ನಬಹುದು. ಒಂದೇ ಆಗುವುದು ಎಲ್ಲಿ? ಒಂದು ಕಡೆ ಸೀಟಿ, ಇನ್ನೊಂದು ಕಡೆ ಬಾವುಟ. ಬೆಳಿಗ್ಗೆ ಒಬ್ಬರ ಬೆರಳು, ಮಧ್ಯಾಹ್ನ ಕಡಲಗಾಳಿ ಏಳುವ ಹೊತ್ತಿಗೆ ಮತ್ತೊಬ್ಬರದು. ಏಳು ಸೆಕೆಂಡಿನಲ್ಲಿ ಓಟ ಮುಗಿಸುವ ಹುಡುಗನಿಗೆ 0.2 ಸೆಕೆಂಡ್ ಎಂದರೆ ಸುಮಾರು ಒಂದೂವರೆ ಮೀಟರ್. ಪಟ್ಟಿಯಿಂದ ಒಂದು ಹೆಸರು ಬಿದ್ದುಹೋಗಲು ಅಷ್ಟು ಸಾಕು.

ದೂರವೂ ಆಟಕ್ಕೆ ಹೊಂದುವುದಿಲ್ಲ. 105 ಮೀಟರ್ ಉದ್ದದ ಮೈದಾನದಲ್ಲಿ 50 ಮೀಟರ್ ಎಂದರೆ ಹತ್ತಿರ ಹತ್ತಿರ ಅರ್ಧ ಮೈದಾನ. ಪಂದ್ಯದ ಬಿರುಸಿನ ಓಟಗಳಲ್ಲಿ ಹೆಚ್ಚಿನವು 20 ಮೀಟರಿನೊಳಗೇ ಮುಗಿಯುತ್ತವೆ. ಮೊದಲ 10 ಮೀಟರಿನಲ್ಲಿ ಎಲ್ಲರಿಗಿಂತ ಮುಂದಿದ್ದು ಆಮೇಲೆ ಹಿಂದೆ ಬೀಳುವವನನ್ನು ಈ ಪರೀಕ್ಷೆ ನಿಧಾನಿ ಎಂದು ಬರೆದುಬಿಡುತ್ತದೆ. ಚೆಂಡನ್ನು ಮೊದಲು ಮುಟ್ಟುವವನು ಅವನೇ.

ಇಷ್ಟು ಹೇಳಿದ ಕೂಡಲೇ ಇನ್ನೊಂದು ಪಕ್ಷದವರು ಖುಷಿಪಡುತ್ತಾರೆ. ಕಾಳಿ ಸೇತುವೆ ದಾಟಿ ಮಾಜಾಳಿ ಕಳೆದರೆ ಗೋವಾ. 2012ರಲ್ಲಿ ಫುಟ್‌ಬಾಲನ್ನು ರಾಜ್ಯಕ್ರೀಡೆ ಎಂದು ಸಾರಿದ ನಾಡು. ಅಲ್ಲಿನ ಕಾಲ್ಚಳಕ ತೋರಿಸಿ, ಗಡಿಯಾರವೇ ಬೇಡ, ಚೆಂಡು ಕೊಟ್ಟು ನೋಡಿ ಎನ್ನುತ್ತಾರೆ. ಅವರನ್ನು ನಾನು ಒಪ್ಪಲಾರೆ. ಜರ್ಮನಿಯ ಬುಂಡೆಸ್‌ಲಿಗಾದ 360 ಗೋಲುಗಳನ್ನು ಬಿಡಿಸಿ ನೋಡಿದ ಅಧ್ಯಯನವೊಂದು 2012ರಲ್ಲಿ ಬಂತು. ಅದರಲ್ಲಿ ನೂರಕ್ಕೆ 45 ಗೋಲುಗಳಿಗೆ ಮೊದಲು, ಗೋಲು ಹೊಡೆದವನು ನೇರವಾಗಿ ಬಿರುಸಿನಿಂದ ಓಡಿದ್ದ. ವೇಗ ಬೇಕು. ಅದಕ್ಕೇ ಅದನ್ನು ಸರಿಯಾಗಿ ಅಳೆಯಬೇಕು.

ಮೂರನೆಯ ಪಕ್ಷದ ಮೇಲೆ ನನಗೆ ಸಿಟ್ಟೇ ಇದೆ. ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕಾಡಂಚಿನಲ್ಲಿರುವ ಆಫ್ರಿಕಾ ಮೂಲದ ಸಿದ್ದಿ ಹುಡುಗರನ್ನು ಕಂಡರೆ ವೇಗ ರಕ್ತದಲ್ಲೇ ಇದೆ ಎಂದು ಬರೆಯುವವರು ಇವರು. ಮಾರ್ಗರೆಟ್ ಆಳ್ವ ಕೇಂದ್ರದಲ್ಲಿ ಕ್ರೀಡಾ ಸಚಿವೆಯಾಗಿದ್ದ 1980ರ ದಶಕದಲ್ಲಿ ಇದೇ ನಂಬಿಕೆಯ ಮೇಲೆ ಸಿದ್ದಿ ಮಕ್ಕಳನ್ನು ತರಬೇತಿಗೆ ಒಯ್ದರು. 1993ರಲ್ಲಿ ಯೋಜನೆ ನಿಂತಿತು. ರಕ್ತ ಬದಲಾಗಿರಲಿಲ್ಲ. ನಿಂತದ್ದು ತರಬೇತಿ, ಊಟ, ಹಣ. ರಕ್ತವನ್ನು ಹೊಗಳುವವರು ಆ ಮಕ್ಕಳು ಬೆವರು ಹರಿಸಿ ದುಡಿದದ್ದನ್ನೇ ಅಳಿಸಿಹಾಕುತ್ತಾರೆ.

ಅಳತೆಗೆ ಇನ್ನೊಂದು ತೊಡಕೂ ಇದೆ: ವಯಸ್ಸು. ಹುಡುಗರು ಅತಿ ವೇಗವಾಗಿ ಎತ್ತರ ಬೆಳೆಯುವುದು 13-14ರ ಆಸುಪಾಸಿನಲ್ಲಿ. ಒಂದೇ ವಯೋಮಿತಿಯಲ್ಲಿ ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನವನೂ ಒಟ್ಟಿಗೆ ಓಡಿದರೆ, ಗಡಿಯಾರ ಅಳೆಯುವುದು ಬಹುಪಾಲು ಹನ್ನೊಂದು ತಿಂಗಳ ಬೆಳವಣಿಗೆಯನ್ನು.

ಮಾಸ್ತರರಲ್ಲಿ ನನ್ನ ಕೋರಿಕೆ ಇಷ್ಟೆ. ದುಬಾರಿ ಯಂತ್ರ ಬೇಡ. ಸೆಕೆಂಡಿಗೆ 240 ಚಿತ್ರ ಹಿಡಿಯುವ ಮೊಬೈಲನ್ನು ಮೈದಾನದ ಬದಿಯಲ್ಲಿ ಅಲುಗದಂತೆ ನಿಲ್ಲಿಸಿ, 10 ಮತ್ತು 30 ಮೀಟರಿಗೆ ಕೋಲು ನೆಡಿ, ಹುಡುಗ ಕದಲಿದ ಚಿತ್ರದಿಂದ ಎಣಿಕೆ ಶುರುಮಾಡಿ. ಒಬ್ಬೊಬ್ಬನಿಗೂ ಮೂರು ಸಲ ಓಡಲು ಬಿಡಿ. ಸಮಯದ ಪಕ್ಕದಲ್ಲಿ ಅವನು ಹುಟ್ಟಿದ ತಿಂಗಳನ್ನೂ ಬರೆದಿಡಿ.