ಕಂಪನಿ ಕೊಡುವ ಆರೋಗ್ಯ ವಿಮೆ: ದುಡ್ಡು ಯಾರದು?

ಅಮೆರಿಕದಲ್ಲಿ ನೌಕರನೊಬ್ಬನ ಕುಟುಂಬಕ್ಕೆ ಕಂಪನಿಯ ಮೂಲಕ ಸಿಗುವ ಆರೋಗ್ಯ ವಿಮೆಯ ಸರಾಸರಿ ಪ್ರೀಮಿಯಂ 1999ರಲ್ಲಿ ವರ್ಷಕ್ಕೆ 5,791 ಡಾಲರ್ ಇತ್ತು. 2025ರಲ್ಲಿ ಅದು 26,993 ಡಾಲರ್. ನಮ್ಮ ಲೆಕ್ಕದಲ್ಲಿ ಇಪ್ಪತ್ತು ಲಕ್ಷ ರೂಪಾಯಿ ದಾಟುವ ಮೊತ್ತ. ಒಂದು ವರ್ಷಕ್ಕೆ, ಒಂದು ಸಂಸಾರಕ್ಕೆ, ಮನೆಯಲ್ಲಿ ಯಾರಿಗೂ ನೆಗಡಿ ಬರದಿದ್ದರೂ ಕಟ್ಟಲೇಬೇಕಾದ್ದು. ಕೆಎಫ್‌ಎಫ್ ಸಂಸ್ಥೆ ಪ್ರತಿವರ್ಷ ನಡೆಸುವ ಸಮೀಕ್ಷೆಯ ಅಂಕಿಗಳಿವು. ಇದರಲ್ಲಿ ನೌಕರನ ಸಂಬಳದಿಂದ ಕಡಿತವಾಗುವುದು ಸರಾಸರಿ 6,850 ಡಾಲರ್, ಉಳಿದದ್ದನ್ನು ಕಂಪನಿ ಕಟ್ಟುತ್ತದೆ ಎನ್ನುತ್ತದೆ ಅದರ ಕೋಷ್ಟಕ.

ಈ ‘ಕಂಪನಿ ಕಟ್ಟುತ್ತದೆ’ ಎಂಬ ಮಾತನ್ನು ನಾನು ಒಪ್ಪಲಾರೆ. ಒಬ್ಬ ನೌಕರನಿಗೆ ಒಟ್ಟು ಎಷ್ಟು ಖರ್ಚು ಮಾಡಬಹುದೆಂದು ಕಂಪನಿ ಮೊದಲೇ ಲೆಕ್ಕ ಹಾಕಿರುತ್ತದೆ. ವಿಮೆಗೆ ಹೆಚ್ಚು ಹೋದರೆ ಸಂಬಳಕ್ಕೆ ಕಡಿಮೆ ಉಳಿಯುತ್ತದೆ. ಅರ್ಥಶಾಸ್ತ್ರಜ್ಞರಲ್ಲಿ ಬಹುಪಾಲು ಮಂದಿ ಒಪ್ಪುವ ವಿಷಯವಿದು. ಬೆಂಗಳೂರಿನಲ್ಲಿ ಆಫರ್ ಲೆಟರ್ ನೋಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ: ಎಷ್ಟೋ ಕಂಪನಿಗಳು ಸಿಟಿಸಿ ಪಟ್ಟಿಯಲ್ಲೇ ಗ್ರೂಪ್ ಮೆಡಿಕ್ಲೇಮ್‌ನ ಮೊತ್ತವನ್ನೂ ಸೇರಿಸಿರುತ್ತವೆ. ಹಣ ನಮ್ಮದು, ಆದರೆ ಅದು ನಮ್ಮ ಕೈ ಮುಟ್ಟದೆ ಹೋಗುತ್ತದೆ. ಈ ಪದ್ಧತಿಯ ಮೂಲದೋಷ ಇಲ್ಲೇ ಇದೆ ಎಂದು ನನ್ನ ಅಭಿಪ್ರಾಯ. ಎಷ್ಟು ಕೊಡುತ್ತಿದ್ದೇವೆ ಎಂಬುದು ಕೊಡುವವನ ಕಣ್ಣಿಗೇ ಬೀಳದಿದ್ದಾಗ, ಬೆಲೆ ಏರಿದರೆ ಕೇಳುವವರು ಯಾರು?

ಅಮೆರಿಕದ ಈ ವ್ಯವಸ್ಥೆ ಯಾರೂ ಕೂತು ಯೋಚಿಸಿ ಕಟ್ಟಿದ್ದಲ್ಲ. 1929ರಲ್ಲಿ ಡಲ್ಲಾಸ್‌ನ ಬೇಲರ್ ಆಸ್ಪತ್ರೆ ಅಲ್ಲಿನ ಶಾಲಾ ಶಿಕ್ಷಕರ ಜೊತೆ ಒಂದು ಒಪ್ಪಂದ ಮಾಡಿಕೊಂಡಿತು: ತಿಂಗಳಿಗೆ 50 ಸೆಂಟ್ ಕಟ್ಟಿದರೆ ವರ್ಷದಲ್ಲಿ 21 ದಿನಗಳ ಆಸ್ಪತ್ರೆ ವಾಸ ಉಚಿತ. ಮುಂದೆ ಬ್ಲೂ ಕ್ರಾಸ್ ಆಗಿ ಬೆಳೆದದ್ದು ಇದೇ. ಎರಡನೇ ಮಹಾಯುದ್ಧದ ಹೊತ್ತಿಗೆ, 1942ರಲ್ಲಿ, ಸರ್ಕಾರ ಸಂಬಳ ಏರಿಕೆಗೆ ತಡೆ ಹಾಕಿತು. ಆಳುಗಳು ಸಿಗದ ಕಾಲ. ಸಂಬಳ ಹೆಚ್ಚಿಸುವಂತಿಲ್ಲ, ಆದರೆ ವಿಮೆಯಂಥ ಸೌಲಭ್ಯ ಕೊಡಬಹುದು ಎಂದಾದಾಗ ಕಾರ್ಖಾನೆಗಳು ಅದನ್ನೇ ಹಿಡಿದವು. ಆ ಹಣಕ್ಕೆ ತೆರಿಗೆ ಇಲ್ಲ ಎಂಬುದನ್ನು 1954ರ ತೆರಿಗೆ ಕಾಯ್ದೆ ಗಟ್ಟಿ ಮಾಡಿತು. ಯುದ್ಧಕಾಲದ ಒಂದು ತಾತ್ಕಾಲಿಕ ಉಪಾಯ ಇವತ್ತು ಹದಿನೈದು ಕೋಟಿಗೂ ಹೆಚ್ಚು ಜನರ ಆರೋಗ್ಯದ ಆಧಾರವಾಗಿ ಕೂತಿದೆ. ತೆರಿಗೆ ವಿನಾಯಿತಿಯ ಲಾಭವೂ ಹೆಚ್ಚು ಸಂಬಳದವನಿಗೇ ಹೆಚ್ಚು.

ಬೆಲೆ ಯಾಕೆ ಏರುತ್ತದೆ ಎಂದರೆ ಜನ ಹೊಸ ಔಷಧಿಗಳ ಕಡೆ, ವಯಸ್ಸಾಗುತ್ತಿರುವ ನೌಕರರ ಕಡೆ ಬೆರಳು ತೋರಿಸುತ್ತಾರೆ. ಅದೂ ನಿಜವೇ. ತೂಕ ಇಳಿಸುವ ಹೊಸ ಇಂಜೆಕ್ಷನ್‌ಗಳು ಅಲ್ಲಿನ ಕಂಪನಿಗಳ ಲೆಕ್ಕವನ್ನು ತಲೆಕೆಳಗು ಮಾಡಿವೆ. ಆದರೆ ಗೆರಾರ್ಡ್ ಆಂಡರ್ಸನ್, ಊವೆ ರೈನ್‌ಹಾರ್ಟ್ ಮತ್ತಿತರರು 2003ರಲ್ಲೇ ಬೇರೆ ದೇಶಗಳ ಜೊತೆ ಹೋಲಿಸಿ ತೋರಿಸಿದ್ದು ಇನ್ನೂ ಸರಳವಾದ ಮಾತು: ಅಮೆರಿಕನ್ನರು ಹೆಚ್ಚು ಚಿಕಿತ್ಸೆ ಪಡೆಯುತ್ತಿಲ್ಲ, ಅದೇ ಚಿಕಿತ್ಸೆಗೆ ಹೆಚ್ಚು ಬೆಲೆ ತೆರುತ್ತಿದ್ದಾರೆ. 2022ರಲ್ಲಿ ಖಾಸಗಿ ವಿಮೆಗಳು ಆಸ್ಪತ್ರೆಗಳಿಗೆ ಕೊಟ್ಟದ್ದು, ಅದೇ ಸೇವೆಗೆ ಸರ್ಕಾರದ ಮೆಡಿಕೇರ್ ಕೊಡುವುದರ ಸುಮಾರು ಎರಡೂವರೆ ಪಟ್ಟು ಎಂದು ರ‍್ಯಾಂಡ್ ಸಂಸ್ಥೆಯ ಅಧ್ಯಯನ ಹೇಳುತ್ತದೆ. ಆಸ್ಪತ್ರೆ ಅದೇ, ಹಾಸಿಗೆ ಅದೇ. ದರ ಮಾತ್ರ ಬೇರೆ.

ಇದನ್ನು ಸರಿಪಡಿಸುತ್ತೇವೆಂದು ದೊಡ್ಡವರೇ ಹೊರಟದ್ದುಂಟು. 2018ರ ಜನವರಿಯಲ್ಲಿ ಅಮೆಜಾನ್, ಬರ್ಕ್‌ಶೈರ್ ಹ್ಯಾಥವೇ, ಜೆಪಿ ಮೋರ್ಗನ್ ಸೇರಿ ತಮ್ಮ ನೌಕರರಿಗಾಗಿ ಹೊಸ ಸಂಸ್ಥೆಯೊಂದನ್ನು ಘೋಷಿಸಿದವು. ಮುಂದೆ ಅದಕ್ಕೆ ಹೇವನ್ ಎಂಬ ಹೆಸರು ಬಂತು. ಶಸ್ತ್ರವೈದ್ಯ, ಲೇಖಕ ಅತುಲ್ ಗವಾಂಡೆ ಅದರ ಮುಖ್ಯಸ್ಥರಾದರು. ಮೂರೂ ಕಂಪನಿಗಳ ನೌಕರರನ್ನು ಕೂಡಿಸಿದರೆ ಹತ್ತು ಲಕ್ಷಕ್ಕೂ ಮೇಲೆ. 2021ರ ಆರಂಭದಲ್ಲಿ ಹೇವನ್ ಬಾಗಿಲು ಮುಚ್ಚಿತು. ಈ ಸೋಲು ನನಗೆ ಬಹಳ ಮುಖ್ಯವೆನ್ನಿಸುತ್ತದೆ. ಹತ್ತು ಲಕ್ಷ ಜನ ಎಂದರೂ ಅವರು ಊರೂರಿಗೆ ಹಂಚಿಹೋದವರು. ಯಾವುದೇ ಒಂದು ಊರಿನ ಆಸ್ಪತ್ರೆಯ ಮುಂದೆ ಕೂತು ದರ ಚೌಕಾಸಿ ಮಾಡುವಷ್ಟು ಬಲ ಅವರಿಗೂ ಇರಲಿಲ್ಲ. ಅಷ್ಟು ದೊಡ್ಡವರಿಗೆ ಆಗದ್ದು ಇನ್ನೂರು ಜನರ ಕಂಪನಿಗೆ ಹೇಗೆ ಆದೀತು?

ಕೆಲಸ ಹೋದವನ ಸ್ಥಿತಿ ಇನ್ನೂ ಕಠಿಣ. ಕೋಬ್ರಾ ಎಂಬ ಕಾನೂನಿನಡಿ ಹಳೆಯ ವಿಮೆಯನ್ನೇ ಸಾಮಾನ್ಯವಾಗಿ 18 ತಿಂಗಳವರೆಗೆ ಮುಂದುವರಿಸಬಹುದು, ಆದರೆ ಪೂರ್ತಿ ಪ್ರೀಮಿಯಂನ ಶೇ 102ರಷ್ಟನ್ನು ತಾನೇ ಕಟ್ಟಬೇಕು. ಕಂಪನಿಯ ಪಾಲು ಎಷ್ಟಿತ್ತೆಂಬುದು ಎಷ್ಟೋ ಜನರಿಗೆ ಮೊದಲ ಬಾರಿ ತಿಳಿಯುವುದು ಸಂಬಳ ನಿಂತ ತಿಂಗಳಲ್ಲಿ, ಕೋಬ್ರಾದ ಪತ್ರ ಬಂದಾಗ. ಎಚ್-1ಬಿ ವೀಸಾದಲ್ಲಿರುವ ನಮ್ಮ ಕನ್ನಡದ ಹುಡುಗರಿಗೆ ಹೊಸ ಕೆಲಸ ಹುಡುಕಲು ಇರುವುದು ಹೆಚ್ಚೆಂದರೆ 60 ದಿನ. ಹೆಂಡತಿ ಬಸುರಿಯಾಗಿದ್ದರೆ ಆ ಎರಡು ತಿಂಗಳು ಹೇಗೆ ಕಳೆಯುತ್ತವೆ ಎಂಬುದನ್ನು ಅಲ್ಲಿರುವ ಯಾರನ್ನಾದರೂ ಕೇಳಿ. ಜರ್ಮನಿಯಲ್ಲೂ ವಿಮೆಯ ಹಣವನ್ನು ಮಾಲೀಕ ಮತ್ತು ನೌಕರ ಹಂಚಿಕೊಂಡೇ ಕಟ್ಟುತ್ತಾರೆ, 1883ರಿಂದಲೂ. ಅಲ್ಲೂ ದರ ಏರುತ್ತಿದೆ. ಆದರೆ ವಿಮೆ ಇರುವುದು ಆರೋಗ್ಯ ನಿಧಿಯ ಹತ್ತಿರ, ಕಂಪನಿಯ ಹತ್ತಿರ ಅಲ್ಲ. ಕೆಲಸ ಹೋದರೂ ವಿಮೆ ಹೋಗುವುದಿಲ್ಲ.

ನಮ್ಮ ಗ್ರೂಪ್ ಪಾಲಿಸಿಗಳ ಒಳ್ಳೆಯತನವನ್ನು ಮರೆತು ಬರೆಯುವುದು ಅನ್ಯಾಯ. ಸಾಮಾನ್ಯವಾಗಿ ವೈದ್ಯಕೀಯ ತಪಾಸಣೆ ಕೇಳುವುದಿಲ್ಲ, ಮೊದಲೇ ಇದ್ದ ಸಕ್ಕರೆ ಕಾಯಿಲೆ, ಬಿಪಿಗೂ ಮೊದಲ ದಿನದಿಂದಲೇ ರಕ್ಷಣೆ, ಹೆರಿಗೆ ಖರ್ಚು ಸಿಗುತ್ತದೆ. ಎಲ್ಲಕ್ಕಿಂತ ದೊಡ್ಡದು, ಎಪ್ಪತ್ತು ದಾಟಿದ ಅಪ್ಪ ಅಮ್ಮನನ್ನೂ ಸೇರಿಸಿಕೊಳ್ಳುವ ಪಾಲಿಸಿಗಳಿವೆ. ಹೊರಗೆ ಆ ವಯಸ್ಸಿಗೆ ಪಾಲಿಸಿ ಹುಡುಕಿದವರಿಗೆ ಇದರ ಬೆಲೆ ಗೊತ್ತು. ದರ ಏರಿದಾಗ ಮೊದಲು ಕತ್ತರಿ ಬೀಳುವುದೂ ಈ ಅಪ್ಪ ಅಮ್ಮನ ಮೇಲೆಯೇ. ಅಯಾನ್ ಸಂಸ್ಥೆ 2025ಕ್ಕೆ ಅಂದಾಜಿಸಿದ್ದ ವೈದ್ಯಕೀಯ ವೆಚ್ಚದ ಏರಿಕೆ ಜಗತ್ತಿಗೆ ಸುಮಾರು ಶೇ 10, ಭಾರತಕ್ಕೆ ಸುಮಾರು ಶೇ 13. ಕಂಪನಿ ಕಟ್ಟಿದ ಪ್ರೀಮಿಯಂಗಿಂತ ಕ್ಲೇಮ್ ಹೆಚ್ಚಾದರೆ ಮುಂದಿನ ವರ್ಷ ಪಾಲಿಸಿ ನವೀಕರಣದ ದರ ಜಿಗಿಯುತ್ತದೆ. ಐವತ್ತು ಜನರ ಕಂಪನಿಯಲ್ಲಿ ಒಂದು ಕ್ಯಾನ್ಸರ್ ಪ್ರಕರಣ ಸಾಕು. ಆಗ ಎಚ್‌ಆರ್‌ನಿಂದ ಮೇಲ್ ಬರುತ್ತದೆ: ತಂದೆ ತಾಯಿಯ ಪ್ರೀಮಿಯಂ ಇನ್ನು ನೀವೇ ಕಟ್ಟಿ, ಕ್ಲೇಮ್‌ನಲ್ಲಿ ಶೇ 20 ನಿಮ್ಮ ಪಾಲು (ಕೋ-ಪೇ), ಕೊಠಡಿ ಬಾಡಿಗೆಗೆ ಮಿತಿ.

ಈ ಮಿತಿ ಹೇಗೆ ಕಚ್ಚುತ್ತದೆಂದು ಒಂದು ಲೆಕ್ಕ ಹಾಕಿ ನೋಡೋಣ. ವಿಮೆ 5 ಲಕ್ಷದ್ದು, ಕೊಠಡಿಗೆ ದಿನಕ್ಕೆ ಶೇ 1, ಅಂದರೆ 5,000 ರೂಪಾಯಿ. ಅಮ್ಮನನ್ನು ಸೇರಿಸಿದ ರಾತ್ರಿ ಆ ದರದ ಬೆಡ್ ಖಾಲಿ ಇಲ್ಲ, 8,000ದ ಕೊಠಡಿ ಸಿಕ್ಕಿತು. ಮಗ ಅಂದುಕೊಳ್ಳುತ್ತಾನೆ, ದಿನಕ್ಕೆ ಮೂರು ಸಾವಿರ ತಾನೇ, ಕೊಟ್ಟರಾಯಿತು. ಡಿಸ್ಚಾರ್ಜ್ ದಿನ ಆಸ್ಪತ್ರೆಯ ಟಿಪಿಎ (ವಿಮಾ ಕ್ಲೇಮ್) ಡೆಸ್ಕ್‌ನಲ್ಲಿ ಗೊತ್ತಾಗುತ್ತದೆ, ವೈದ್ಯರ ಫೀಸು, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲವೂ ಎಂಟರಲ್ಲಿ ಐದು ಪಾಲಿಗೆ ಇಳಿದಿವೆ ಎಂದು. ಔಷಧ, ಇಂಪ್ಲಾಂಟ್ ಬಿಟ್ಟು ಈ ಬಾಬ್ತು 2,40,000 ಆಗಿದ್ದರೆ ಒಪ್ಪಿಗೆಯಾಗುವುದು 1,50,000. ಅದರ ಮೇಲೆ ಕೋ-ಪೇ 30,000. ಕೊನೆಗೆ ವಿಮೆಯಿಂದ ಬಂದದ್ದು 1,20,000, ಸರಿಯಾಗಿ ಅರ್ಧ. ಪಾಲಿಸಿಯ ಕಾರ್ಡಿನ ಮೇಲೆ ಮಾತ್ರ 5 ಲಕ್ಷವೆಂದೇ ಇರುತ್ತದೆ. ಪ್ರೀಮಿಯಂ ಏರದಂತೆ ನೋಡಿಕೊಂಡೆವು ಎಂದು ಕಂಪನಿ ಹೇಳುವ ವರ್ಷಗಳಲ್ಲಿ ಖರ್ಚು ಹೀಗೆ ನೌಕರನ ಮನೆಗೆ ವರ್ಗವಾಗಿರುತ್ತದೆ. ಇದನ್ನು ಉಳಿತಾಯ ಎಂದು ಕರೆಯಬಾರದು.

ಸರ್ಕಾರವೂ ಇಲ್ಲಿ ಕೈ ಹಿಡಿದಿಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳಿಗೆ ಜಿಎಸ್‌ಟಿ ತೆಗೆದರು, ಗ್ರೂಪ್ ಪಾಲಿಸಿಗಳ ಮೇಲೆ ಶೇ 18 ಹಾಗೇ ಉಳಿಯಿತು. ಸರ್ಕಾರದ್ದೇ ಆದ ಇಎಸ್‌ಐ ಕಾರ್ಮಿಕ ವಿಮಾ ಯೋಜನೆಯಲ್ಲಿ ಸಂಬಳದ ಮೇಲೆ ಮಾಲೀಕ ಶೇ 3.25, ನೌಕರ ಶೇ 0.75 ಕಟ್ಟಿದರೆ ಚಿಕಿತ್ಸೆಯ ಖರ್ಚಿಗೆ ಮಿತಿಯೇ ಇಲ್ಲ, ಅವಲಂಬಿತ ತಂದೆ ತಾಯಿಗೂ ಅನ್ವಯ. ಸಾಲಿನಲ್ಲಿ ಕಾಯಬೇಕು, ತಜ್ಞರ ಕೊರತೆ ಇದೆ, ಒಪ್ಪುತ್ತೇನೆ. ಆದರೂ ತತ್ವದಲ್ಲಿ ಅದು ಗ್ರೂಪ್ ಪಾಲಿಸಿಗಿಂತ ಮೇಲು, ಏಕೆಂದರೆ ಅಲ್ಲಿ ಒಂದು ಕಂಪನಿಯಲ್ಲಿ ಎಷ್ಟು ಜನ ರೋಗಿಗಳಿದ್ದಾರೆ ಎಂಬುದರ ಮೇಲೆ ದರ ನಿಲ್ಲುವುದಿಲ್ಲ. ಆದರೆ ಇಎಸ್‌ಐಗೆ ಸೇರಲು ಇರುವ ತಿಂಗಳ ಸಂಬಳದ ಮಿತಿಯನ್ನು 2017ರಲ್ಲಿ 21,000ಕ್ಕೆ ಏರಿಸಿದ್ದೇ ಕೊನೆ. ಬೆಲೆಗಳ ಜೊತೆ ಅದೂ ಏರಿದ್ದರೆ ಪೀಣ್ಯದ ಎಷ್ಟೋ ಕಾರ್ಮಿಕರು ಇನ್ನೂ ಅದರೊಳಗೇ ಇರುತ್ತಿದ್ದರು.

ಕೆಲಸ ಬಿಡುವವರು, ನಿವೃತ್ತರಾಗುವವರು ಗ್ರೂಪ್ ಪಾಲಿಸಿಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗಲು ಅರ್ಜಿ ಹಾಕಬಹುದು. ವಿಮಾ ನಿಯಂತ್ರಕ ಐಆರ್‌ಡಿಎಐ ನಿಯಮ ಆ ಹಕ್ಕು ಕೊಟ್ಟಿದೆ, ಕಾಯುವ ಅವಧಿಯಲ್ಲಿ ಈಗಾಗಲೇ ಕಳೆದ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ. ಒಪ್ಪುವುದು ಬಿಡುವುದು ವಿಮಾ ಕಂಪನಿಯ ಪರಿಶೀಲನೆಗೆ ಬಿಟ್ಟದ್ದು, ಅರ್ಜಿಗೆ ಗಡುವೂ ಉಂಟು. ಅರವತ್ತರ ಅಂಚಿನಲ್ಲಿರುವವರು ಇದನ್ನು ಗಡುವು ಮುಗಿದ ಮೇಲೆ ತಿಳಿದುಕೊಳ್ಳುವಂತೆ ಆಗಬಾರದು. ರಾಜೀನಾಮೆ ಒಪ್ಪಿಕೊಂಡ ದಿನವೇ, ಲ್ಯಾಪ್‌ಟಾಪ್ ವಾಪಸು ಕೇಳುವ ಮೇಲ್‌ನ ಜೊತೆಗೇ, ಆ ಅರ್ಜಿ ನಮೂನೆಯನ್ನೂ ಕಂಪನಿ ಕಳುಹಿಸಬೇಕೆಂದು ಕಡ್ಡಾಯ ಮಾಡಲಿ.